ಕಣ್ಣಳತೆ

ನಾನಿನ್ನೂ ಮೊಂಟೆವಿಡಿಯೊದಲ್ಲಿ ಓದುತ್ತಿದ್ದಾಗ
ಒಂದು ಭ್ರೂಣದಲ್ಲಿ ಎಷ್ಟು ಕೋಶ ಎಂದು ತಿಳಿಯಬೇಕಾದರೆ
ಬಣ್ಣದಲ್ಲಿ ಅದ್ದಿ ಕೊಲ್ಲಬೇಕಿತ್ತು.
ಗಾಜಿನ ಮೇಲೆ ಅಪ್ಪಚ್ಚಿಯಾದ ನೀಲಿ ಚುಕ್ಕೆಗಳನ್ನು ಎಣಿಸಿ,
ನೂರಾ ಹದಿನೆಂಟು, ನೂರಾ ನಲವತ್ತು,
‘ಚೆನ್ನಾಗಿತ್ತು’ ಎಂದು ಬರೆಯುತ್ತಿದ್ದೆವು.
ಇತ್ತು.
ಆ ಒಂದು ಕ್ರಿಯಾಪದಕ್ಕೇ ನನಗೆ ಡಿಗ್ರಿ ಕೊಟ್ಟರು.

ಕೊಲ್ಲದೆ ನೋಡಬೇಕೆಂದರೆ ಕಣ್ಣಳತೆ.
ನನಗೆ ಕಲಿಸಿದ ನೆಲ್ಸಿ ಬೆರುಟ್ಟಿ ಸಿಗರೇಟು ಆರಿಸಿ ಬಂದು
ಸೂಕ್ಷ್ಮದರ್ಶಕಕ್ಕೆ ಬಗ್ಗಿ
ಒಂದನೇ ದರ್ಜೆ, ಎರಡು, ಇದು ಬೇಡ, ಎಂದು
ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸುತ್ತಿದ್ದಳು.
ಹೇಗೆ ಗೊತ್ತು ಅಂದರೆ, ಸುಮ್ಮನೆ ಗೊತ್ತು.
ಅವಳ ಆ ‘ಸುಮ್ಮನೆ’ಯನ್ನು
ಇಪ್ಪತ್ತಾರು ವರ್ಷ ಕಲಿತಿದ್ದೇನೆ.

ಈಗ ಈ ತಾಕ್ವಾರೆಂಬೊದಲ್ಲಿ, ಉಣ್ಣೆ ತುಂಬುತ್ತಿದ್ದ ಹಳೆಯ ಶೆಡ್ಡಿನಲ್ಲಿ
ಹೊಸ ಯಂತ್ರ ಬಂದು ಕೂತಿದೆ.
ಬಣ್ಣ ಬೇಡ, ಸೂಜಿ ಬೇಡ.
ಏಳು ದಿನದ ಭ್ರೂಣ,
ಹತ್ತನ್ನು ಸಾಲಾಗಿಟ್ಟರೆ ಒಂದು ಸಾಸಿವೆಯ ಅಗಲ.
ನೇರಳೆ ಬೆಳಕಿನ ತೆಳು ಹಾಳೆಯೊಂದು ಅದನ್ನು ಹಾಯುತ್ತದೆ,
ಅರ್ಧ ಸೆಕೆಂಡು.
ಆಗ ಅದು ತನ್ನದೇ ಬೆಳಕು ಬಿಡುತ್ತದೆ,
ಒಳಗೆ ಉರಿಯುವ ಅನ್ನದ ನೀಲಿ, ಅದರ ಅಂಚಿಗೆ ಹಸಿರು.
ನಾವು ಬಳಿದದ್ದಲ್ಲ.
ರಾತ್ರಿ ದಾರಿಹೋಕನಿಗೆ ದೂರದ ಕಿಟಕಿಯಲ್ಲಿ
ಒಲೆ ಉರಿಯುವುದು ಕಂಡ ಹಾಗೆ:
ಬಾಗಿಲು ತಟ್ಟಬೇಕಿಲ್ಲ,
ಒಳಗೆ ಯಾರೋ ಇದ್ದಾರೆ.

ವಾಷಿಂಗ್ಟನ್ ಪೆರೆಯ್ರ ಬಂದು ಹಿಂದೆ ನಿಂತ.
(ಅದು ದನ ಕಾಯುವವನ ಹೆಸರೇ. ಇಲ್ಲಿನ ಮುದುಕರಿಗೆ ಇಂಥ ಹೆಸರುಗಳಿವೆ.
ತಮ್ಮ ಎಡಿಸನ್, ಕುರಿ ಕತ್ತರಿಸುತ್ತಾನೆ.)
ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಕಹಿ ಸೊಪ್ಪಿನ ಬುರುಡೆ.
ತುಂಬಾ ಹೊತ್ತು ಪರದೆ ನೋಡಿ ಕೇಳಿದ,
‘ಇಷ್ಟು ನೋಡಿದರೆ ದೃಷ್ಟಿ ತಾಕುವುದಿಲ್ಲವೇ, ಡಾಕ್ಟರಮ್ಮ?’

ನಗಲಿಲ್ಲ ನಾನು.
ಬೆಳಕು ಹೆಚ್ಚಾದರೆ ಕೋಶ ಬಾಡುತ್ತದೆ.
ಅದಕ್ಕೆ ಉದ್ದನೆಯ ಪದವೊಂದಿದೆ, ಅರ್ಥ ಅವನು ಹೇಳಿದ್ದೇ.
ಮರುದಿನ ಇನ್‌ಕ್ಯುಬೇಟರಿನ ಹಿಡಿಗೆ ಕೆಂಪು ರಿಬ್ಬನ್ ಕಟ್ಟಿತ್ತು.
ಸ್ಪಿರಿಟ್ಟಿನಲ್ಲಿ ಒರೆಸಿದೆ,
ಬಿಚ್ಚಲಿಲ್ಲ.

ಗುರುವಾರ. ಒಂದೇ ದಿನ ಬೆದೆಗೆ ಬಂದ ಹದಿನಾರು ಕಡಸುಗಳು,
ಕೆಂಪು ಮೈ, ಹಿಟ್ಟು ಮೆತ್ತಿದಂಥ ಬಿಳಿ ಮುಖ.
ಹದಿನೈದು ಭ್ರೂಣಗಳಿಗೆ ತಕರಾರಿಲ್ಲ.
ಹನ್ನೊಂದನೆಯದಕ್ಕೆ ಯಂತ್ರ ಕೊಟ್ಟ ಅಂಕ ಮೂವತ್ತೆಂಟು.
ನನ್ನ ಕಣ್ಣಿಗೆ ಅದು ಒಂದನೇ ದರ್ಜೆ:
ದುಂಡಗೆ, ಅಂಚು ಚೊಕ್ಕ,
ನೆಲ್ಸಿ ಇದ್ದಿದ್ದರೆ ತಲೆ ಕೂಡ ಎತ್ತದೆ ಹೂಂ ಅನ್ನುತ್ತಿದ್ದಳು.
ಪರದೆಯಲ್ಲಿ ಮಾತ್ರ ನೀಲಿ ತೇಪೆ ತೇಪೆ,
ಒಂದು ಮೂಲೆಯಲ್ಲಿ ಏನೂ ಇಲ್ಲ.

ಯಾರನ್ನು ನಂಬಲಿ?
ಮತ್ತೊಮ್ಮೆ ಬೆಳಕು ಹಾಯಿಸಬಹುದಿತ್ತು.
ಕೈ ಗುಂಡಿಯವರೆಗೆ ಹೋಯಿತು.
ರಿಬ್ಬನ್ ಕಂಡಿತು.

‘ಇದಕ್ಕೊಂದು ಹಸು ಕಾಯ್ತಿದೆಯಾ?’ ವಾಷಿಂಗ್ಟನ್.
ನಾನ್ನೂರ ಏಳು. ಕಿವಿ ಹರಿದದ್ದು.
‘ಮತ್ತೆ?’

ಮೂವತ್ತನೆಯ ದಿನ
ಇಬ್ಬನಿಯಲ್ಲಿ ಒದ್ದೆಯಾದ ದೊಡ್ಡಿಯಲ್ಲಿ ಸ್ಕ್ಯಾನು.
ಹತ್ತು ಗಬ್ಬ ಕಟ್ಟಿದ್ದವು. ಹತ್ತರೊಳಗೂ
ಮಿಣುಕು, ಮಿಣುಕು, ಕಡಲೆಯಷ್ಟು ಕತ್ತಲಲ್ಲಿ.
ತೊಂಬತ್ತೊಂದು ಅಂಕದ ಭ್ರೂಣ ಹೊತ್ತ ಕಡಸು ಖಾಲಿ,
ಕಾರಣ ಯಂತ್ರಕ್ಕೂ ಗೊತ್ತಿಲ್ಲ.
ನಾನ್ನೂರ ಏಳೂ ಖಾಲಿ.
ಅದು ಯಂತ್ರಕ್ಕೆ ಗೊತ್ತಿತ್ತು, ನನಗಿರಲಿಲ್ಲ.

ಪುಸ್ತಕದಲ್ಲಿ ಹನ್ನೊಂದರ ಎದುರು ಪೆನ್ನು ನಿಂತಿತು.
ಖಾಲಿ ಎಂದು ಬರೆಯುವುದು ವಾಡಿಕೆ.
ಅರ್ಧ ಸೆಕೆಂಡು ಅದು ತೇಪೆ ತೇಪೆಯಾಗಿ ಬೆಳಗಿದ್ದು,
ನಾನು ನೋಡಿದ್ದು,
ಎರಡನ್ನೂ ಬರೆಯಲು ಆ ಪುಸ್ತಕದಲ್ಲಿ ಅಂಕಣವಿಲ್ಲ.
‘ಇತ್ತು’ ಎಂದು ಬರೆದೆ.
ಈ ಸಲ ನಾವು ಕೊಂದದ್ದಲ್ಲ.

ವಾಷಿಂಗ್ಟನ್ ನಾನ್ನೂರ ಏಳರ ತೊಡೆಗೊಂದು ತಟ್ಟಿ
ಗೇಟು ತೆರೆದ.
‘ಖಾಲಿ ಹಸುವಿಗೂ ಹಸಿವಾಗುತ್ತೆ’ ಅಂದ.
ಅದು ಆಗಲೇ ಹುಲ್ಲಿನಲ್ಲಿತ್ತು.